ಹುಲಿಗೆ ಎಷ್ಟು ಹೋಗುತ್ತೆ?

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ರಾಜ್ಯೋತ್ಸವ. ವೇದಿಕೆ ಮೇಲೆ ನಾಲ್ಕು ವರ್ಷದ ಒನಕೆ ಓಬವ್ವ ಡೈಲಾಗ್ ಮರೆತು ಅಳುತ್ತಿದ್ದಳು. ಪಕ್ಕದ ಮಸಾಲೆಪುರಿ ಸ್ಟಾಲಿನ ಮುಂದೆ ಸಾಲು ಗೇಟಿನವರೆಗೆ ಬೆಳೆದಿತ್ತು. ನಮ್ಮ ಮೇಜಿನ ಮುಂದೆ ಮಾತ್ರ ಯಾರೂ ಇರಲಿಲ್ಲ. ಅರ್ಧ ಗಂಟೆಗೊಬ್ಬರು ಬಂದು ಕ್ಯಾಲೆಂಡರ್ ತಿರುವಿ, ಹುಲಿಯ ಕಣ್ಣು ಚೆನ್ನಾಗಿ ಬಂದಿದೆ ಅಂತ ಹೊಗಳಿ, ಅಲ್ಲೇ ಇಟ್ಟು ಹೋಗುತ್ತಿದ್ದರು. ಕೊನೆಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ನಿಂತರು. ಜನವರಿಯಿಂದ ಡಿಸೆಂಬರ್‌ವರೆಗೆ ಒಂದೊಂದೇ ಪುಟ ನೋಡಿದರು, ಹಿಂದೆ ತಿರುಗಿಸಿ 350 ರೂಪಾಯಿ ಅಂತ ಬರೆದದ್ದನ್ನು ಕನ್ನಡಕ ಮೇಲೆತ್ತಿ ಓದಿದರು. "ಅಲ್ಲಮ್ಮಾ, ಇದರಲ್ಲಿ ಹುಲಿಗೆ ಎಷ್ಟು ಹೋಗುತ್ತೆ?"

"ಪ್ರಿಂಟಿಂಗ್ ಖರ್ಚು ಬಿಟ್ಟು ಎಲ್ಲಾ ಹೋಗುತ್ತೆ ಸರ್" ಅಂದೆ. ವರ್ಷಗಟ್ಟಲೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡ ಮಾತು. ಅವರು 400 ಕೊಟ್ಟು, ಐವತ್ತು ಚಿಲ್ಲರೆ ಎಣಿಸಿ ತೆಗೆದುಕೊಂಡು ಹೋದರು. ರಾತ್ರಿ ಮೈಸೂರಿನ ರೈಲಿನಲ್ಲಿ, ಮಂಡ್ಯ ದಾಟುವ ಹೊತ್ತಿಗೆ, ಒಳಗೆ ಏನೋ ಚುಚ್ಚತೊಡಗಿತು. ನಾನು ಆ ಮನುಷ್ಯರಿಗೆ ಸುಳ್ಳು ಹೇಳಿದ್ದೆ. ದುಡ್ಡು ತಿಂದುಹಾಕಿದ್ದೇವೆ ಅಂತಲ್ಲ. ಹುಲಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ, ಅದಕ್ಕೆ.

ನಾನು ಹೊಟ್ಟೆಪಾಡಿಗೆ ಲೆಕ್ಕ ಬರೆಯುವವಳು. ಬಿಡುವಿನಲ್ಲಿ, ಬಂಡೀಪುರದ ಅಂಚಿನ ಊರುಗಳಲ್ಲಿ ಕೆಲಸ ಮಾಡುವ ಒಂದು ಪುಟ್ಟ ಟ್ರಸ್ಟಿನ ಲೆಕ್ಕವನ್ನೂ ನೋಡಿಕೊಳ್ಳುತ್ತೇನೆ. ಅಲ್ಲಿರುವುದು ಇಬ್ಬರು ಸಂಬಳದ ಹುಡುಗರು, ಒಂದೂವರೆ ಬೈಕು. (ಅರ್ಧ ಯಾಕೆಂದರೆ ಎರಡನೆಯದು ವರ್ಷದ ಆರು ತಿಂಗಳು ಗ್ಯಾರೇಜಿನಲ್ಲೇ ಇರುತ್ತೆ.) ನಮ್ಮ ಲೆಡ್ಜರಿನಲ್ಲಿ ಸಂಬಳ ಇದೆ, ಪೆಟ್ರೋಲು, ಜೆರಾಕ್ಸ್, ಮೊಬೈಲ್ ರೀಚಾರ್ಜ್, ಬೈಕ್ ರಿಪೇರಿ, ಊಟ-ತಿಂಡಿ, ಆಡಿಟ್ ಫೀ ಎಲ್ಲಾ ಇದೆ. ಹುಲಿ ಅನ್ನುವ ಖಾತೆ ಇಲ್ಲ. ಆನೆ ಅಂತಲೂ ಇಲ್ಲ. ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳೂ ಪ್ರಾಣಿಗಳು, ಪುಸ್ತಕದಲ್ಲಿ ಮನುಷ್ಯರು ಮಾತ್ರ.

ಜೆರಾಕ್ಸ್ 18, ಟೀ 40

ಲೆಕ್ಕದವರಿಗೆ ಅನುಮಾನ ರಕ್ತದಲ್ಲೇ ಇರುತ್ತೆ. ಕೆಲವು ವರ್ಷದ ಹಿಂದೆ ಫೀಲ್ಡಿನ ಹುಡುಗನ ವೋಚರುಗಳಲ್ಲಿ ಒಂದೇ ಥರದ ಸಾಲು ಮತ್ತೆ ಮತ್ತೆ ಕಂಡಿತು. ಜೆರಾಕ್ಸ್ 18, ಟೀ 40. ಜೆರಾಕ್ಸ್ ಸರಿ, ಟೀ ಯಾಕೆ? ಒಬ್ಬ ಮನುಷ್ಯ ಒಂದು ಅರ್ಜಿ ಹಾಕಿಸುವುದರೊಳಗೆ ನಲವತ್ತು ರೂಪಾಯಿಯ ಟೀ ಕುಡಿಯುತ್ತಾನಾ? ಕೇಳಿದರೆ "ಒಂದಿನ ನೀವೇ ಬನ್ನಿ ಮೇಡಂ" ಅಂದ. ಹೋದೆ.

ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರು. ಹಿಂದಿನ ಸಂಜೆ ಹುಲಿ ಒಂದು ಹಸು ಹಿಡಿದಿತ್ತು. ಬೆಳಿಗ್ಗೆ ಏಳೂವರೆಗೆ ನಾವು ತಲುಪಿದಾಗ ಹಸುವಿನ ಒಡತಿ, ಅಜ್ಜಿ, ಅದರ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು. ಹೊಟ್ಟೆಯ ಕಡೆ ಗೋಣಿತಾಟು ಮುಚ್ಚಿದ್ದರು. ಕೈಯಲ್ಲಿ ಒಂದು ಕಳ್ಳಿಕಡ್ಡಿ, ಕಾಗೆ ಬಂದರೆ ಬೀಸುವುದು, ಮತ್ತೆ ಸುಮ್ಮನಾಗುವುದು. ಸತ್ತ ದನವನ್ನು ಎಳೆದು ಹಾಕುವಂತಿಲ್ಲ. ಅರಣ್ಯ ಇಲಾಖೆಯವರು ಬಂದು ನೋಡಬೇಕು, ಪಶುವೈದ್ಯರು ಬಂದು ಇದು ಕಾಡುಪ್ರಾಣಿಯಿಂದಲೇ ಸತ್ತದ್ದು ಅಂತ ಬರೆದುಕೊಡಬೇಕು. ಆಮೇಲೆ ಸರ್ಕಾರದ ಪರಿಹಾರಕ್ಕೆ ಅರ್ಜಿ, ಫೋಟೋ, ಆಧಾರ್, ಬ್ಯಾಂಕಿನ ಪಾಸ್‌ಬುಕ್. ಈಗ ಇ-ಪರಿಹಾರ ಅಂತ ಆನ್‌ಲೈನ್ ವ್ಯವಸ್ಥೆ ಇದೆ, ನಿಜ. ಆದರೆ ಆ ಆನ್‌ಲೈನಿಗೂ ಈ ಅಜ್ಜಿಗೂ ನಡುವೆ ಒಬ್ಬ ಮನುಷ್ಯ ಬೇಕು.

ಹುಡುಗ ಕೆಲಸ ಶುರುಮಾಡಿದ. ಕುತ್ತಿಗೆಯ ಮೇಲೆ ಹಲ್ಲು ನಾಟಿದ ಜಾಗ ಕಾಣುವ ಹಾಗೆ ಒಂದು ಫೋಟೋ, ಎಳೆದುಕೊಂಡು ಹೋದ ಗುರುತಿನದು ಇನ್ನೊಂದು, ಅಜ್ಜಿಯನ್ನು ಹಸುವಿನ ಪಕ್ಕ ನಿಲ್ಲಿಸಿ ಮತ್ತೊಂದು. ಆ ಮೂರನೆಯದಕ್ಕೆ ಅಜ್ಜಿ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಕಾಗದ ನೋಡಿದರೆ ಆಧಾರಿನಲ್ಲಿ ಹೆಸರು 'ಮ್ಮ' ಅಂತ ಮುಗಿಯುತ್ತೆ, ಪಾಸ್‌ಬುಕ್ಕಿನಲ್ಲಿ 'ಮ್ಮಣ್ಣಿ' ಅಂತ. ಇಬ್ಬರೂ ಒಬ್ಬರೇ ಅಂತ ಸಾಬೀತು ಮಾಡುವುದಕ್ಕೆ ಇನ್ನೊಂದು ಸುತ್ತು ಓಡಾಟ. ಡಾಕ್ಟರಿಗೆ ಎಷ್ಟೋ ಊರು, ಬಂದದ್ದು ಒಂದು ಗಂಟೆಗೆ. ಅಲ್ಲಿಯವರೆಗೆ ಕಾಯುವುದೇ. ಆಗ ಬಂತು ಟೀ. ಹುಡುಗ ಊರಿನ ಅಂಗಡಿಯಿಂದ ತಂದು ಅಜ್ಜಿಗೊಂದು, ಕಾವಲಿಗೆ ನಿಂತಿದ್ದ ವಾಚರಿಗೊಂದು, ಅಜ್ಜಿಯ ಮಗನಿಗೊಂದು ಕೊಟ್ಟು, ತಾನೂ ಕುಡಿದ. ನಲವತ್ತು ರೂಪಾಯಿ.

"ಹಾಲು ಎಷ್ಟು ಕೊಡ್ತಿತ್ತಜ್ಜಿ?" ಅಂತ ಕೇಳಿದೆ. ಕೇಳಬಾರದಿತ್ತೇನೋ, ಸುಮ್ಮನೆ ಕೂರಲಾಗದೆ ಕೇಳಿದೆ.

"ಹಾಲೆಲ್ಲಿ ಬಂತವ್ವ. ಸಗಣಿಗ ಅಂತ ಮಡಗಿದ್ದು."

ಆ ಕಡೆಯ ಊರುಗಳಲ್ಲಿ ಎಷ್ಟೋ ದನ ಇರುವುದೇ ಸಗಣಿಗೆ. ಹಗಲೆಲ್ಲ ಕಾಡಿನಲ್ಲಿ ಮೇಯುತ್ತವೆ, ರಾತ್ರಿ ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತವೆ, ಅದು ಒಣಗಿ ಲಾರಿ ಹತ್ತಿ ಗಡಿ ದಾಟಿ ಕೇರಳದ ತೋಟಗಳಿಗೆ ಹೋಗುತ್ತೆ. ಜಿಂಕೆ ತಿನ್ನಬೇಕಾದ ಹುಲ್ಲು ವಯನಾಡಿನ ಕಾಫಿ ಗಿಡದ ಬುಡ ಸೇರುತ್ತೆ. ಇದನ್ನು ಕಾಡು ಉಳಿಸುವವರ ಕಣ್ಣಿನಿಂದ ನೋಡಿದರೆ ಸಿಟ್ಟು ಬರುವುದು ಸಹಜ. ಆದರೆ ಗೋಣಿತಾಟಿನ ಪಕ್ಕ ಐದೂವರೆ ಗಂಟೆ ಕೂತವಳಿಗೆ ಆ ಸಿಟ್ಟು ಬರಲಿಲ್ಲ. ಹೊರಡುವಾಗ ಅಜ್ಜಿ ಅರ್ಜಿಗೆ ಹೆಬ್ಬೆಟ್ಟು ಒತ್ತಿ, ಬೆರಳನ್ನು ಗೋಣಿತಾಟಿಗೇ ಒರೆಸಿಕೊಂಡು, ಹುಡುಗನಿಗೆ ಹೇಳಿದ್ದು ಇಷ್ಟೇ: "ಕಾಸು ಬೇಗ ಬರಂಗ ನೋಡು ಮಗ. ಆಮೇಲ್ ಬಂದ್ರ ಏನ್ ಸುಖ." ಆ ತಿಂಗಳ ವೋಚರು ಪ್ರಶ್ನೆಯಿಲ್ಲದೆ ಪಾಸಾಯಿತು. ಟೀ ಮೇಲಿನ ಅನುಮಾನ ಆವತ್ತಿಗೇ ಬಿಟ್ಟೆ.

ಈ ಕೆಲಸ ನಾವು ಕಂಡುಹಿಡಿದದ್ದಲ್ಲ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರು 2015ರಲ್ಲೇ 'ವೈಲ್ಡ್ ಸೇವೆ' ಶುರುಮಾಡಿದ್ದರು. ಬಂಡೀಪುರ, ನಾಗರಹೊಳೆ ಸುತ್ತಿನ ರೈತರು ಒಂದು ಉಚಿತ ನಂಬರಿಗೆ ಫೋನ್ ಮಾಡಿದರೆ ಜನ ಬಂದು ಅರ್ಜಿ ಹಾಕಿಸುತ್ತಾರೆ. ಪರಿಹಾರ ಸರ್ಕಾರದ್ದು, ಓಡಾಟ ಇವರದ್ದು. ನಮ್ಮದು ಅದೇ ದಾರಿಯಲ್ಲಿ ಒಂದು ಕಾಲುಹಾದಿ ಅಷ್ಟೇ. ಈಗ ಹೇಳಿ, ಇದನ್ನು ಕ್ಯಾಲೆಂಡರ್ ಮಾಡುವುದು ಹೇಗೆ? ಸತ್ತ ಹಸುವಿನ ಪಕ್ಕ ಸೆರಗು ಸರಿಮಾಡಿಕೊಂಡ ಅಜ್ಜಿಯ ಫೋಟೋ ಏಪ್ರಿಲ್ ತಿಂಗಳಿಗೆ ಹಾಕಲಾ?

ಮಾರ್ಚ್ ತಿಂಗಳ ಮುಖ

ಹಾಕಿ ನೋಡಿದ್ದೇವೆ, ಅಜ್ಜಿಯದಲ್ಲ, ಒಬ್ಬ ವಾಚರಿನದು. ಕಳ್ಳಬೇಟೆ ತಡೆ ಶಿಬಿರದ ಮೆಟ್ಟಿಲ ಮೇಲೆ ಕೂತು ಟಾರ್ಚಿಗೆ ಸೆಲ್ ಹಾಕುತ್ತಿದ್ದಾರೆ, ಹಿಂದೆ ಅನ್ನದ ಪಾತ್ರೆಯಿಂದ ಹಬೆ ಏಳುತ್ತಿದೆ. ಎಂಥಾ ಚಿತ್ರ! ಆದರೆ ಪ್ರತಿ ವರ್ಷ ಇಪ್ಪತ್ತು ಕಾಪಿ ತೆಗೆದುಕೊಳ್ಳುವ ಒಬ್ಬ ಸ್ನೇಹಿತೆ ತಮಾಷೆಗೆ ಅಂದಳು, "ಚೆನ್ನಾಗಿದೆ ಕಣೇ, ಆದ್ರೆ ಮಾರ್ಚ್ ಪೂರ್ತಿ ಇವರ ಮುಖಾನೇ ನೋಡ್ಬೇಕಾ?" ತಮಾಷೆಯೇ. ಆದರೆ ಆ ವರ್ಷ ಕ್ಯಾಲೆಂಡರ್ ಹೆಚ್ಚು ಉಳಿಯಿತು. ಮರುವರ್ಷ ಮಾರ್ಚಿಗೆ ಚಿರತೆಮರಿ ಬಂದು ಕೂತಿತು. ಸೀಳುನಾಯಿಗೂ ಇದೇ ಗತಿ. ಅದರ ಫೋಟೋ ಕೊಡಿ ಅಂತ ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ.

ಮುಖ ತೋರಿಸಿ ದುಡ್ಡು ಕೇಳುವುದು ಹಳೆಯ ವಿದ್ಯೆ. 1961ರಲ್ಲಿ ಹುಟ್ಟಿದ ವನ್ಯಜೀವಿ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್ ಪಾಂಡಾವನ್ನು ಗುರುತಾಗಿ ಆರಿಸಿಕೊಂಡಾಗ, ಕಪ್ಪು-ಬಿಳುಪಾದ್ದರಿಂದ ಮುದ್ರಣದ ಖರ್ಚು ಉಳಿಯುತ್ತೆ ಅನ್ನುವುದೂ ಒಂದು ಲೆಕ್ಕವಾಗಿತ್ತು. ನನ್ನ ಕಸುಬಿನವರು ಯಾರೋ ಆ ಕೋಣೆಯಲ್ಲಿ ಇದ್ದಿರಬೇಕು! ಅದೇ ಸಂಸ್ಥೆ ನಮ್ಮ ಹುಲಿಗಾಗಿ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಮುಂದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಹುಲಿಯ ಮುಖ ಇಲ್ಲದಿದ್ದರೆ ಆ ಕಾಡಿನ ಹೊಳೆ, ಹುಲ್ಲು, ಇರುವೆ ಯಾವುದಕ್ಕೂ ಯಾರೂ ಕೈಬಿಚ್ಚುತ್ತಿರಲಿಲ್ಲ. ಹಾಗಾಗಿ ಮುಖದ ಮೇಲೆ ನನಗೆ ದೂರಿಲ್ಲ. ಮುಖ ತೋರಿಸಿದ ಮೇಲೆ ನಾವು ಹೇಳುವ ಮಾತಿನ ಮೇಲಿದೆ.

ಹುಲಿಗೆ ನಿಜವಾಗಿಯೂ ದುಡ್ಡು ಹೋಗುವ ಜಾಗ ಒಂದಿದೆ. ಅದು ಮೃಗಾಲಯ. ಮೈಸೂರು ಝೂನಲ್ಲಿ ಪ್ರಾಣಿ ದತ್ತು ತೆಗೆದುಕೊಂಡರೆ ನಿಮ್ಮ ದುಡ್ಡು ಮಾಂಸವಾಗಿ, ಸೊಪ್ಪಾಗಿ, ಹಣ್ಣಾಗಿ ಆ ಪ್ರಾಣಿಯ ಹೊಟ್ಟೆಗೇ ಹೋಗುತ್ತೆ. ಕೋವಿಡ್ಡಿನಲ್ಲಿ ಗೇಟು ಮುಚ್ಚಿ, ಟಿಕೆಟ್ಟಿನ ದುಡ್ಡು ನಿಂತು ರಾಜ್ಯದ ಮೃಗಾಲಯಗಳು ಕಷ್ಟಕ್ಕೆ ಬಿದ್ದಾಗ, 2021ರ ಜೂನಿನಲ್ಲಿ ಸಿನಿಮಾ ನಟರೊಬ್ಬರು ದತ್ತು ತಗೊಳ್ಳಿ ಅಂತ ಮನವಿ ಮಾಡಿದರು. ಕೆಲವೇ ದಿನದಲ್ಲಿ ಒಂದು ಕೋಟಿ ದಾಟಿತು. ನಾವು ಹತ್ತು ವರ್ಷ ಕ್ಯಾಲೆಂಡರ್ ಮಾರಿದರೂ ಅದರ ಕಾಲುಭಾಗ ಆಗುವುದಿಲ್ಲ. ಹೊಟ್ಟೆಕಿಚ್ಚಾಯಿತಾ ಅಂದರೆ, ಆಯಿತು. ಆದರೆ ಆ ದುಡ್ಡಿನ ಲೆಕ್ಕ ಎಷ್ಟು ನೇರ! ಬೋನಿನಲ್ಲಿರುವ ಹುಲಿಗೆ ಊಟ ಹಾಕುವುದು ಮನುಷ್ಯನ ಕೆಲಸ. ಕಾಡಿನ ಹುಲಿ ತನ್ನ ಊಟ ತಾನೇ ಹುಡುಕಿಕೊಳ್ಳುತ್ತೆ, ಸುತ್ತಲಿನ ಮನುಷ್ಯರು ಅದನ್ನು ಸಹಿಸಿಕೊಂಡರೆ ಸಾಕು. ಆ ಸಹನೆಗೆ ಖರ್ಚಾಗುತ್ತೆ. ಅಪಾರ್ಟ್‌ಮೆಂಟಿನ ಹಿರಿಯರಿಗೆ ನಾನು ಹೇಳಬೇಕಾಗಿದ್ದದ್ದು ಇದು.

ಬಿಸ್ಕತ್ತು

2019ರ ಫೆಬ್ರುವರಿಯ ಬೆಂಕಿ ನೆನಪಿರಬೇಕು. ಗೋಪಾಲಸ್ವಾಮಿ ಬೆಟ್ಟದ ಸುತ್ತ ಗುಡ್ಡಕ್ಕೆ ಗುಡ್ಡವೇ ಕಪ್ಪಾದ ಚಿತ್ರಗಳು ಎಲ್ಲರ ಫೋನಿಗೂ ಬಂದಿದ್ದವು. ವಾಯುಪಡೆಯ ಹೆಲಿಕಾಪ್ಟರು ನೀರು ಸುರಿಯಲು ಬಂದವು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರುವರಿಯಲ್ಲಿ, ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟು ತೀರಿಕೊಂಡಿದ್ದರು. ಆ ಸಾವಿನ ಸುದ್ದಿಗೆ ನಮ್ಮ ಟ್ರಸ್ಟಿಗೆ ಬಂದ ಫೋನು ಬೆರಳೆಣಿಕೆಯಷ್ಟು. 2019ರ ಚಿತ್ರಗಳಿಗೆ ಮಾತ್ರ ಒಂದೇ ದಿನ ಫೋನಿನ ಬ್ಯಾಟರಿ ಎರಡು ಸಲ ಖಾಲಿಯಾಯಿತು.

ಎಲ್ಲರಿಗೂ ಏನಾದರೂ ಕಳಿಸಬೇಕು. ದುಡ್ಡಲ್ಲ, ವಸ್ತು. ದುಡ್ಡು ಕೊಟ್ಟರೆ ಎಲ್ಲಿ ಹೋಗುತ್ತೋ ಅನ್ನುವ ಭಯ, ಅದೇ ಹಳೆಯ ಪ್ರಶ್ನೆ. ಹೀಗಾಗಿ ಬಿಸ್ಕತ್ತು ಬಂತು, ನೀರಿನ ಬಾಟಲಿ ಬಂತು, ಗ್ಲೂಕೋಸ್, ಓಆರ್‌ಎಸ್, ಬಾಳೆಹಣ್ಣು ಬಂತು. ನಾವೇ ಒಂದು ವ್ಯಾನಿನಲ್ಲಿ ಮೈಸೂರಿನಿಂದ ನಲವತ್ತು ಪೆಟ್ಟಿಗೆ ಇಳಿಸಿದೆವು, ನಮಗಿಂತ ಮೊದಲು ಬಂದವರ ಪೆಟ್ಟಿಗೆ ಆಗಲೇ ಗೋಡೆಯುದ್ದಕ್ಕೂ ನಿಂತಿದ್ದವು. ಬೂದಿ ಮೆತ್ತಿದ ಮುಖದ ವಾಚರೊಬ್ಬರು ಬೇಲಿ ಪಕ್ಕ ಕೂತು ಬೂಟು ಬಿಚ್ಚುತ್ತಿದ್ದರು. ಹಸಿ ಸೊಪ್ಪಿನ ಕೊಂಬೆ ಹಿಡಿದು ಬಡಿದು ಬಡಿದು ಬೆಂಕಿ ಆರಿಸಿ ಬಂದವರು. ಬೂಟಿನ ಅಟ್ಟೆ ಒಂದು ಕಡೆ ಮೆತ್ತಗಾಗಿ, ಕಲ್ಲು ಕಚ್ಚಿಕೊಂಡು, ಆರಿದ ಮೇಲೆ ಹಾಗೇ ಗಟ್ಟಿಯಾಗಿತ್ತು. ಕಡ್ಡಿಯಲ್ಲಿ ಆ ಕಲ್ಲುಗಳನ್ನು ಒಂದೊಂದಾಗಿ ಎಬ್ಬುತ್ತಿದ್ದರು. ನಾನು ಬಿಸ್ಕತ್ತಿನ ಪ್ಯಾಕೆಟ್ಟು ಚಾಚಿದೆ. ನಕ್ಕರು. "ಸಾಕಾಗೋವಷ್ಟು ಕೊಟ್ಟವರ ಮೇಡಂ" ಅಂದರು, ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು, ನನ್ನ ಮನಸ್ಸು ನೋಯಬಾರದು ಅಂತ.

ಒಂದು ವಾರದ ನಂತರ ಅದೇ ದಾರಿಯಲ್ಲಿ ನಾವು ಏಳೆಂಟು ಜನ ಗೋಣಿಚೀಲ ಹಿಡಿದು ಖಾಲಿ ಬಾಟಲಿ ಹೆಕ್ಕಿದೆವು. ಬೂಟಿಗೆ ದುಡ್ಡು ಸೇರಿಸುವಷ್ಟರಲ್ಲಿ ಜೂನ್ ಬಂತು. ಆಗ ಮಳೆ ಬಿದ್ದು ಕಾಡು ಹಸಿರಾಗಿತ್ತು, ದಾನಿಗಳ ಫೋನೂ ತಣ್ಣಗಾಗಿತ್ತು.

ಬೋರ್ಡು ಹಾಕುವ ಜಾಗ

ಕಂಪನಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ರಾತ್ರಿಯಾಗುತ್ತೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಗಿಡ-ಮರ, ಪ್ರಾಣಿಗಳ ರಕ್ಷಣೆಯೂ ಇದೆ. ಒಳ್ಳೆಯ ಕಾನೂನು. ಆದರೆ ಆ ದುಡ್ಡಿಗೆ ಬೋರ್ಡು ಹಾಕುವುದಕ್ಕೊಂದು ಜಾಗ ಬೇಕು. ಒಂದು ಕಂಪನಿ ನಮಗೆ ಜೀಪು ಕೊಡಲು ಒಪ್ಪಿತು. ಡ್ರೈವರಿನ ಸಂಬಳ, ಡೀಸೆಲ್? "ಅದು ರನ್ನಿಂಗ್ ಕಾಸ್ಟ್, ನಮ್ಮ ಪಾಲಿಸಿಯಲ್ಲಿ ಬರಲ್ಲ" ಅಂದರು. ಬಾಗಿಲ ಮೇಲೆ ಅವರ ಲೋಗೋ ಎಷ್ಟು ಇಂಚು ಇರಬೇಕು ಅನ್ನುವುದಕ್ಕೆ ಮಾತ್ರ ಮೂರು ಮೀಟಿಂಗ್ ನಡೆಯಿತು. ಕೈಮುಗಿದು ಬೇಡ ಅಂದೆವು. ಬೇಡ ಅಂದದ್ದಕ್ಕೆ ನಮ್ಮಲ್ಲೇ ಜಗಳವಾಯಿತು, ಅದು ಬೇರೆ ಕಥೆ.

ಇನ್ನು ಮಾರ್ಚ್ ದಾನಿಗಳು. ತೆರಿಗೆ ವಿನಾಯಿತಿಯ ರಸೀದಿಗಾಗಿ ಲೆಕ್ಕದ ವರ್ಷದ ಕೊನೆಯ ವಾರ ನೆನಪಿಸಿಕೊಳ್ಳುವವರು. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. 2023-24ರಿಂದ, ಹಳೆಯದು ಬೇಕು ಅಂತ ಕೇಳದಿದ್ದರೆ ಅದೇ ಪದ್ಧತಿ ಅಂತಾದ ಮೇಲೆ ನಮ್ಮ ಮಾರ್ಚ್ ತೆಳ್ಳಗಾಯಿತು. ಅವರನ್ನು ಆಡಿಕೊಳ್ಳಲಾರೆ, ಅವರ ದುಡ್ಡಿನಲ್ಲೇ ಎಷ್ಟೋ ವರ್ಷ ಏಪ್ರಿಲ್ ಸಂಬಳ ಕೊಟ್ಟಿದ್ದೇನೆ. ಹೊರದೇಶದವರದ್ದು ಇನ್ನೊಂದು ತಮಾಷೆ. ನನ್ನ ಚಿಕ್ಕಮ್ಮನ ಇಬ್ಬರು ಗಂಡುಮಕ್ಕಳೂ ಅಮೆರಿಕದಲ್ಲಿದ್ದಾರೆ. ದೊಡ್ಡವನು ಅಲ್ಲಿಯ ಪ್ರಜೆಯಾದ, ಅವನ ದುಡ್ಡು ಈಗ ವಿದೇಶಿ ದೇಣಿಗೆ, ಅದನ್ನು ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇಲ್ಲದ ನಾವು ಮುಟ್ಟುವ ಹಾಗಿಲ್ಲ. ಚಿಕ್ಕವನ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟಿದೆ, ಅವನು ಬ್ಯಾಂಕಿನ ಮೂಲಕ ಧಾರಾಳವಾಗಿ ಕಳಿಸಬಹುದು. ಒಂದೇ ಅವ್ವನ ಮಕ್ಕಳು, ಒಂದೇ ಬಂಡೀಪುರ ನೋಡಿ ಬೆಳೆದವರು. ದೊಡ್ಡವನು ಫೋನಿನಲ್ಲಿ ಕೇಳುತ್ತಾನೆ, "ಹುಲಿಗೂ ವೀಸಾ ಕೇಳ್ತೀರೇನೇ?"

ಒಂದು ಹಸು, ಐದು ಹುಲಿ

2025ರ ಜೂನ್ 26. ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯ, ಮೀಣ್ಯಂ. ಒಂದು ತಾಯಿಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ಯಾರೋ ವಿಷ ಹಾಕಿದ್ದರು. ಆಮೇಲೆ ಬಂಧನ, ತನಿಖೆ ಎಲ್ಲ ಆಯಿತು. ಹೊರಗುತ್ತಿಗೆಯ ಕಾವಲು ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಅನ್ನುವ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು.

ಆವತ್ತು ಸಂಜೆಯಿಂದ ಮತ್ತೆ ಫೋನು. ಜನ ಅಳುತ್ತಿದ್ದರು, ನಿಜವಾಗಿ ಅಳುತ್ತಿದ್ದರು. ಹುಲಿಗೆ ಏನಾದರೂ ಮಾಡಿ, ಎಷ್ಟು ಬೇಕು ಹೇಳಿ. ಒಬ್ಬರು ಸ್ಮಾರಕ ಕಟ್ಟಿಸೋಣ ಅಂದರು, ಇನ್ನೊಬ್ಬರು ಲಾಯರ್ ಫೀ ತಾನು ಕೊಡುತ್ತೇನೆ ಅಂದರು. ನನ್ನ ಕಣ್ಣ ಮುಂದೆ ಮಾತ್ರ ಗೋಣಿತಾಟು, ಕಳ್ಳಿಕಡ್ಡಿ. ಹುಲಿಗೆ ವಿಷ ಹಾಕಿದವರ ಪರವಾಗಿ ವಾದ ಮಾಡುತ್ತಿಲ್ಲ, ಅದಕ್ಕೆ ಕ್ಷಮೆ ಇಲ್ಲ. ಆದರೆ ಸತ್ತ ಹಸುವಿನ ಪಕ್ಕ ಯಾರೂ ಬಂದು ಕೂರದ ಒಂದು ಬೆಳಿಗ್ಗೆ ಎಷ್ಟು ಉದ್ದವಾಗಿರುತ್ತೆ, ಆ ಹೊತ್ತಿನಲ್ಲಿ ಮನುಷ್ಯನ ತಲೆ ಎತ್ತ ಓಡುತ್ತೆ ಅನ್ನುವುದನ್ನು ಸ್ವಲ್ಪ ನೋಡಿದ್ದೇನೆ. ಜೆರಾಕ್ಸ್ 18, ಟೀ 40. ಅಷ್ಟಕ್ಕೆ ಯಾವತ್ತೂ ಎಷ್ಟು ಹುಲಿ ಉಳಿದವು ಅಂತ ಯಾರಿಗೂ ತೋರಿಸಲಾಗುವುದಿಲ್ಲ. ಉಳಿದ ಹುಲಿ ಫೋಟೋಗೆ ನಿಲ್ಲುವುದಿಲ್ಲವಲ್ಲ.

ಆ ರಾತ್ರಿ ಫೋನ್ ಮಾಡಿದವರಿಗೆಲ್ಲ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹುಲಿಗೆ ಏನೂ ಹೋಗಲ್ಲ. ಒಬ್ಬ ಹುಡುಗನ ಸಂಬಳಕ್ಕೆ, ಅವನ ಪೆಟ್ರೋಲಿಗೆ ಹೋಗುತ್ತೆ. ಕೊಡ್ತೀರಾ?" ಹೆಚ್ಚಿನವರು ಯೋಚಿಸಿ ಹೇಳುತ್ತೇನೆ ಅಂದರು. ಕೆಲವರು ಕೊಟ್ಟರು. ಸ್ಮಾರಕದವರು ಮತ್ತೆ ಫೋನ್ ಮಾಡಲಿಲ್ಲ.

ಧೈರ್ಯ ಬಂದದ್ದು ನಮ್ಮೂರಿನದೇ ಒಂದು ಕೆಲಸ ನೋಡಿ ಅಂತಲೂ ಹೇಳಬೇಕು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅರುಣಾಚಲದ ಪಕ್ಕೆ ಕಾಡಿನ ಅಂಚಿನಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಗೂಡು ದತ್ತು ಕೊಡುತ್ತಾರೆ. ಹೆಸರು ಗೂಡಿನದ್ದು, ದುಡ್ಡು ಹೋಗುವುದು ಆ ಗೂಡು ಕಾಯುವ ನ್ಯಿಶಿ ಜನರಿಗೆ. ಅವರಲ್ಲಿ ಕೆಲವರು ಮೊದಲು ಅದೇ ಹಕ್ಕಿಯನ್ನು ಬೇಟೆಯಾಡಿದವರು. ಇದನ್ನು ಅವರು ಮುಚ್ಚಿಡುವುದಿಲ್ಲ, ಮುಂದಿಟ್ಟೇ ಕೇಳುತ್ತಾರೆ. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತೆ, ಗಂಡು ಹೊರಗಿನಿಂದ ಸಣ್ಣ ಸಂದಿಯಲ್ಲಿ ಊಟ ಕೊಡುತ್ತೆ. ಗಂಡಿಗೆ ಏನಾದರೂ ಆದರೆ ಒಳಗಿನವರ ಪಾಡು ಕಷ್ಟ. ಕಾಯುವ ಮನುಷ್ಯನಿಗೆ ಯಾಕೆ ಸಂಬಳ ಅಂತ ಆ ಹಕ್ಕಿಯ ಸಂಸಾರ ನೋಡಿದವರು ಕೇಳಲಾರರು.

ಅದೇ ಮೇಜು

ಮೀಣ್ಯಂ ಆದ ವರ್ಷವೂ ರಾಜ್ಯೋತ್ಸವಕ್ಕೆ ಅದೇ ಅಪಾರ್ಟ್‌ಮೆಂಟಿಗೆ ಹೋದೆ. ಕ್ಯಾಲೆಂಡರಿನಲ್ಲಿ ಹುಲಿಯೇ ಇತ್ತು, ಕಣ್ಣು ಚೆನ್ನಾಗೇ ಬಂದಿತ್ತು. ಪ್ರತಿ ಕಾಪಿಯೊಳಗೂ ಒಂದು ಚೀಟಿ ಇಟ್ಟಿದ್ದೆ, ಹುಡುಗನ ಒಂದು ದಿನದ ವೋಚರಿನ ನಕಲು. ಪೆಟ್ರೋಲ್ 150, ಜೆರಾಕ್ಸ್ 18, ಟೀ 40, ಪಂಕ್ಚರ್ 60. ಕೆಳಗೆ ಅವನದೇ ಕೈಬರಹದಲ್ಲಿ: 'ಹಸು ಒಂದು, ಅರ್ಜಿ ಹಾಕಿದೆ.' ಟ್ರಸ್ಟಿನಲ್ಲಿ ಇದಕ್ಕೆ ವಿರೋಧ ಇತ್ತು. ದಾನಿಗಳಿಗೆ ಪಂಕ್ಚರಿನ ಲೆಕ್ಕ ತೋರಿಸುವುದು ಬಡತನ ಹೇಳಿಕೊಂಡ ಹಾಗೆ ಅಂದರು. ಇರಬಹುದು.

ಆ ಹಿರಿಯರು ಬಂದರು. ಈ ಸಲ ಪುಟ ತಿರುವಲಿಲ್ಲ, ಚೀಟಿ ಸಿಕ್ಕಿತು, ಅದನ್ನೇ ಕನ್ನಡಕ ಮೇಲೆತ್ತಿ ಓದಿದರು. ಎರಡು ಸಲ ಓದಿದರು. ಹುಲಿಗೆ ಎಷ್ಟು ಅಂತ ಕೇಳುತ್ತಾರೆ ಅಂತ ನಾನು ಉತ್ತರ ಸಿದ್ಧಮಾಡಿಕೊಂಡು ನಿಂತಿದ್ದೆ.

"ಬೈಕಿನಲ್ಲಿ ಓಡಾಡ್ತಾನಾ ಈ ಹುಡುಗ, ಕಾಡಿನ ದಾರೀಲಿ?"

"ಹೌದು ಸರ್."

"ಹೆಲ್ಮೆಟ್ ಇದೆಯಾ?"

ಇರಲಿಲ್ಲ. ಇದ್ದದ್ದು ಹೋದ ಮಳೆಗಾಲದಲ್ಲಿ ಬಿರುಕು ಬಿಟ್ಟಿತ್ತು, ಹೊಸದು ಕೊಡಿ ಅಂತ ಅವನು ಎರಡು ಸಲ ಕೇಳಿದ್ದ, ಮುಂದಿನ ತಿಂಗಳು ನೋಡೋಣ ಅಂದವಳು ನಾನೇ. ಅವರು 500ರ ಎರಡು ನೋಟು ಮೇಜಿನ ಮೇಲಿಟ್ಟರು. ಚಿಲ್ಲರೆಗೆ ನಾನು ಡಬ್ಬಿ ತೆಗೆದೆ. ಅಷ್ಟರಲ್ಲಿ ಅವರು ಮಸಾಲೆಪುರಿಯ ಸಾಲಿನಲ್ಲಿ ಹೋಗಿ ನಿಂತಿದ್ದರು.